ಐರಣಿಯಿಂದ ಹೋದ ರಕ್ತ

ಎಮ್ಮೆಯ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ ನಿಂತವನಿಗೆ ಬಡ್ತಿ, ಭತ್ಯೆ, ವರ್ಗಾವಣೆ ಯಾವುದೂ ನೆನಪಿಗೆ ಬರುವುದಿಲ್ಲ. ಬೆರಳಿಗೆ ತಾಗುತ್ತಿರುವುದು ಕರುವಿನ ಕಾಲೋ ತಲೆಯೋ ಎಂಬುದೊಂದೇ ಯೋಚನೆ. ಪಶುವೈದ್ಯನಾಗಿ ನನ್ನ ಆಯುಷ್ಯದ ಬಹುಪಾಲು ಹೀಗೆ ನಿಂತೇ ಕಳೆಯಿತು. ಆದ್ದರಿಂದ ನಾನು ಯಾವಾಗ ಯಾವ ಕುರ್ಚಿಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೂ ಈಗ ನೆನಪಿಲ್ಲ.

ಇತ್ತೀಚೆಗೆ ಹಾವೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯರಿಗೆ ತರಬೇತಿ ನಡೆಯಿತು. ಹಿರಿಯರು ಅನುಭವ ಹಂಚಿಕೊಳ್ಳಬೇಕೆಂದು ನನ್ನನ್ನೂ ಕರೆದಿದ್ದರು. ಏಲಕ್ಕಿ ಹಾರ ಹಾಕಿದರು, ಶಾಲು ಹೊದಿಸಿದರು, ನಾನು ಮಾತಿಗೆ ನಿಂತ ಕೂಡಲೇ ಮುಂದಿನ ಸಾಲಿನವರೊಬ್ಬರು ಕೈಗಡಿಯಾರ ನೋಡಿಕೊಂಡರು. ಕೊಟ್ಟ ವಿಷಯವೇನೋ ದೊಡ್ಡದು: ದನದಿಂದ ಜನಕ್ಕೆ ಹರಡುವ ರೋಗಗಳ ತಡೆಗೆ ದೇಶದೇಶಗಳ ಸಹಕಾರ. ನಾನು ಫಕ್ಕೀರಪ್ಪನ ಹೆಸರು ಎತ್ತುವ ಹೊತ್ತಿಗೆ ಹೊರಗೆ ತಟ್ಟೆಗಳ ಸದ್ದು ಶುರುವಾಗಿತ್ತು. ಜನರ ಕಣ್ಣು ಬಾಗಿಲ ಕಡೆ ಹೋದವು. ಸರಿ, ಉಣ್ಣಲಿ ಎಂದು ಇಳಿದು ಬಂದೆ. ಅಂದು ಗಂಟಲಲ್ಲಿ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಸರಪಡಬಾರದು.

ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಹೊಸ ಪಶುವೈದ್ಯರಾದ ನಿಮಗೆ ಪಾಠದಲ್ಲಿ ಬಂದಿರುತ್ತದೆ. ಗಬ್ಬದ ಎಮ್ಮೆ, ಆಕಳು, ಕುರಿ ದಿನ ತುಂಬುವ ಮೊದಲೇ ಕಂದು ಹಾಕುತ್ತವೆ. ಈದ ಮೇಲೆ ಬೀಳಬೇಕಾದ ಮಾಸು ಬೀಳುವುದಿಲ್ಲ. ನಮ್ಮ ಕಡೆ ಅದಕ್ಕೆ ‘ಕಸ’ ಎನ್ನುತ್ತಾರೆ. ರೋಗದ ಬೀಜವೆಲ್ಲ ಆ ಕಸದಲ್ಲಿ, ಆ ನೀರಿನಲ್ಲಿ ಇರುತ್ತದೆ. ಅದನ್ನು ಬರಿಗೈಯಲ್ಲಿ ಬಿಡಿಸಿದವನಿಗೆ ಉಗುರಿನ ಸಂದಿಯ ಸಣ್ಣ ಗಾಯದಿಂದ ಒಳಗೆ ಇಳಿಯುತ್ತದೆ. ಮನುಷ್ಯನಲ್ಲಿ ಅದು ಜ್ವರವಾಗಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹೋದಾಗ ಗುಣವಾಯಿತು ಅನ್ನಿಸುವುದೇ ಅದರ ಮೋಸ.

ತುಂಗಭದ್ರೆಯ ದಂಡೆಯ ಹಳ್ಳಿಗಳಿಗೆ ಸೇರಿದ ಒಂದು ಸಣ್ಣ ದವಾಖಾನೆಯಲ್ಲಿ ನಾನು ಬಹಳ ಕಾಲ ಇದ್ದೆ. ಅದಿದ್ದ ಊರಿನ ಹೆಸರು ಬೇಡ, ಈಗಲೂ ಅಲ್ಲಿ ಕೆಲಸ ಮಾಡುವವರಿದ್ದಾರೆ. ರಸ್ತೆಯ ಈಚೆ ದನದ ದವಾಖಾನೆ, ಆಚೆ ಮನುಷ್ಯರ ಆಸ್ಪತ್ರೆ. ನಮ್ಮ ಬೇವಿನ ಮರದ ಎಲೆ ಅವರ ಅಂಗಳದಲ್ಲಿ ಬೀಳುತ್ತಿತ್ತು. ಸಂಬಂಧ ಇದ್ದದ್ದು ಅಷ್ಟೇ.

ಫಕ್ಕೀರಪ್ಪ ಆ ದವಾಖಾನೆಯ ಜವಾನ. ಮನೆ ಐರಣಿಯಲ್ಲಿ, ದಿನಾ ಸೈಕಲ್ ಮೇಲೆ ಬರುತ್ತಿದ್ದ, ಆಮೇಲೆ ಒಂದು ಹಳೇ ಲೂನಾ ಕೊಂಡ. ಅವನ ಕೈ ಸಪೂರ, ಉದ್ದ. ಕಸ ಬೀಳದ ಎಮ್ಮೆಗೆ ಅಂಥ ಕೈಯೇ ಬೇಕು. ನಾನು ಇಂಜೆಕ್ಷನ್ ಚುಚ್ಚುವುದು, ಅವನು ಕಸ ಬಿಡಿಸುವುದು, ಹೀಗೆ ಕೆಲಸ ಹಂಚಿಹೋಗಿತ್ತು. ಯಾರಾದರೂ ಬಂದರೆ ‘ಡಾಕ್ಟರ್ ಅದಾರೇನ್ರಿ’ ಎಂದು ಕೇಳುವ ಮೊದಲು ‘ಫಕ್ಕೀರಪ್ಪ ಅದಾನೇನ್ರಿ’ ಎಂದು ಕೇಳುತ್ತಿದ್ದರು. ನನಗೆ ಮೊದಮೊದಲು ಮುಖ ಗಂಟಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಕೈಗವಸು ಹಾಕದೆ ಕೈ ಹಾಕುತ್ತಿದ್ದನೇ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಭುಜದ ತನಕ ಬರುವ ಪ್ಲಾಸ್ಟಿಕ್ ಗ್ಲೌಸು ನಮಗೆ ಬರುತ್ತಿದ್ದವು, ಆದರೆ ಬರಗಾಲದ ಮಳೆಯ ಹಾಗೆ. ಬಂದವನ್ನು ತೊಳೆದು ಬೇವಿನ ಟೊಂಗೆಗೆ ಒಣಹಾಕುತ್ತಿದ್ದೆವು. ಅದು ಅರ್ಧ ಮಾತು. ಉಳಿದರ್ಧ ಗುತ್ತಲದ ಹತ್ತಿರದ ಒಂದು ಮನೆಯಲ್ಲಿ ನನಗೆ ಗೊತ್ತಾಯಿತು. ಎಮ್ಮೆ ಈದು ಕಸ ಹಾಕದೆ ನಿಂತಿತ್ತು. ಫಕ್ಕೀರಪ್ಪ ಗ್ಲೌಸು ಏರಿಸಿಕೊಳ್ಳುತ್ತಿದ್ದಂತೆ ಮನೆಯ ಅಜ್ಜಿ ಎದ್ದು ನಿಂತಳು.

“ಯಾಕೋ ಎಪ್ಪಾ, ನಮ್ಮ ಎಮ್ಮಿ ನಿನಗ ಅಷ್ಟ ಹೇಸಿಗಿ ಆತೇನು? ಪ್ಲಾಸ್ಟಿಕ್ ಚೀಲಾ ಹಾಕ್ಕೊಂಡು ಮುಟ್ಟಾಕತ್ತಿ?”

“ಹಂಗಲ್ಲಬೇ ಯವ್ವಾ, ಸಾಹೇಬ್ರು ಹಾಕ್ಕೋ ಅಂದಾರ.”

“ಸಾಹೇಬ್ರಿಗೆ ಏನ ಗೊತ್ತೈತಿ? ಇದು ನಮ್ಮ ಮನಿ ಲಕ್ಷ್ಮಿ. ಹೇಸಿಕೊಂಡು ಮುಟ್ಟಿದ್ರ ಹಾಲ ಇಳಸ್ತೈತೇನು?”

ಫಕ್ಕೀರಪ್ಪ ನನ್ನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ, ಗ್ಲೌಸು ಕಳಚಿ ಕಿಸೆಗೆ ಇಟ್ಟುಕೊಂಡ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರಿಗೈ ಒಳಗೆ ಹಾಕಿದ. ದಾರಿಯಲ್ಲಿ ನಾನು ಬೈದೆ. “ಸಾಹೇಬ್ರ, ನೀವು ಹೇಳೂದು ಖರೇ. ಆದ್ರ ಆ ಮುದುಕಿ ಮನಸ್ಸು ನೋಯಿಸಿ ನಾ ಹೆಂಗ ಕೈ ಹಾಕ್ಲಿ?” ಎಂದ. ಯಾರ ಹಂಗಿನಲ್ಲೂ ಇಲ್ಲದ ಮನುಷ್ಯ, ಊರವರ ಎಮ್ಮೆಗೆ ಅವಮಾನವಾದೀತೆಂದು ತನ್ನ ಕೈ ಬತ್ತಲೆ ಮಾಡಿಕೊಂಡ. ಬೇರೆ ಯಾವ ದೇಶದ ಪುಸ್ತಕದಲ್ಲೂ ಈ ಕಾರಣ ಬರೆದಿರಲಾರರು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಇದೇ ನಡೆದಿತ್ತು.

ಅಷ್ಟೇ ಅಲ್ಲ. ಬಿಡಿಸಿದ ಕಸವನ್ನು ನಾಯಿ ತಿನ್ನಬಾರದು, ತಿಂದರೆ ಹಾಲು ಬತ್ತುತ್ತದೆ. ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಬೇಕು. ಆಲಕ್ಕೆ ಹಾಲಿದೆ, ಎಮ್ಮೆಗೂ ಹಾಲು ಬರುತ್ತದೆ. ಕಟ್ಟುವ ಕೆಲಸವೂ ಫಕ್ಕೀರಪ್ಪನದೇ. ಆ ಗಂಟನ್ನು ಹೆಗಲ ಮೇಲೆ ಇಟ್ಟುಕೊಂಡು ಊರ ಹೊರಗೆ ನಡೆಯುವಾಗ ನೀರು ಅಂಗಿಯ ಮೇಲೆ ಇಳಿಯುತ್ತಿತ್ತು. ಮಣ್ಣಲ್ಲಿ ಹೂಳಿ, ಸುಣ್ಣ ಹಾಕಿ ಎಂದು ನಾನು ಊರೂರಿಗೆ ಹೇಳಿದೆ. ನನ್ನೆದುರು ಹೂಳುತ್ತಿದ್ದರು, ನನ್ನ ಮೋಟರ್‌ಸೈಕಲ್ ಸದ್ದು ದೂರವಾದ ಮೇಲೆ ಅಗೆದು ಮರಕ್ಕೆ ಕಟ್ಟುತ್ತಿದ್ದರು.

ಬ್ಯಾಡಗಿಯ ಕಡೆಯ ಒಂದು ಪ್ರಸಂಗ ಹೇಳದೆ ಮುಂದೆ ಹೋಗಬಾರದು. ಅಲ್ಲಿ ಕೆಲವು ತಿಂಗಳು ಹೆಚ್ಚುವರಿ ಕೆಲಸ ನನಗೆ ಬಿದ್ದಿತ್ತು, ಫಕ್ಕೀರಪ್ಪನನ್ನೂ ಕರೆದೊಯ್ಯುತ್ತಿದ್ದೆ. ಒಂದು ಎಮ್ಮೆ ಜೊಲ್ಲು ಸುರಿಸುತ್ತ, ನೀರು ಕುಡಿಯಲಾರದೆ ನಿಂತಿತ್ತು. ಆ ದಿನ ಜಿಲ್ಲೆಯ ನಮ್ಮ ದೊಡ್ಡ ಸಾಹೇಬರೂ ತಪಾಸಣೆಗೆ ಬಂದಿದ್ದರು. ಅವರು ದನ ಮುಟ್ಟಿ ಎಷ್ಟು ಕಾಲವಾಗಿತ್ತೋ, ಆದರೆ ಬಾಯಿ ಮಾತ್ರ ಚುರುಕು. ಮೂಗಿಗೆ ಕರವಸ್ತ್ರ ಹಿಡಿದು ಹಂದರದ ಆಚೆ ನಿಂತೇ ರೋಗ ಕಂಡುಹಿಡಿದರು.

“ಗಂಟಲದಾಗ ಗೋವಿನಜೋಳದ ತೆನಿ ಸಿಕ್ಕೈತಿ. ಕೈ ಹಾಕಿ ತಗೀರಿ.”

ನಾನು, “ಸರ್, ನಾಯಿ ಏನರೆ ಕಡದೈತೋ ಏನೋ ಮೊದ್ಲ ಕೇಳೋಣ್ರಿ” ಎಂದೆ. ಅವರು ಕಣ್ಣು ಕೆಂಪು ಮಾಡಿದರು. ಅಷ್ಟರಲ್ಲಿ ಸಾಹೇಬರ ಮಾತಿಗೆ ಬೆಲೆ ಕೊಟ್ಟು ಫಕ್ಕೀರಪ್ಪನ ಕೈ ಎಮ್ಮೆಯ ಗಂಟಲಿಗೆ ಹೋಗಿಯೇಬಿಟ್ಟಿತ್ತು. ತೆನೆ ಇರಲಿಲ್ಲ. ಎಮ್ಮೆ ಸತ್ತಿತು, ರೇಬೀಸ್ ಎಂದು ಗೊತ್ತಾಯಿತು. ಕೆಲವು ವಾರಗಳ ಹಿಂದೆ ಹುಚ್ಚುನಾಯಿ ಕಚ್ಚಿದ್ದನ್ನು ಮನೆಯವರು ಆಮೇಲೆ ಹೇಳಿದರು. ಇಂಜೆಕ್ಷನ್‌ಗೆಂದು ಫಕ್ಕೀರಪ್ಪನನ್ನು ಮನುಷ್ಯರ ಆಸ್ಪತ್ರೆಗೆ ಕರೆದೊಯ್ದರೆ, “ನಾಯಿ ಕಡದಿದ್ರ ಕೊಡ್ತಿದ್ವಿ. ಎಮ್ಮಿ ಬಾಯಾಗ ಕೈ ಹಾಕಿದ್ದಕ್ಕ ನಿಮ್ಮ ಇಲಾಖಾದಾಗ ಕೇಳ್ರಿ” ಎಂದರು. ನಮ್ಮವರು, ಮನುಷ್ಯರ ಮದ್ದು ನಮ್ಮಲ್ಲಿ ಎಲ್ಲಿಂದ ಬರಬೇಕು ಎಂದರು. ಕೊನೆಗೆ ಔಷಧದ ಅಂಗಡಿಯಿಂದ ಕೊಂಡು ಚುಚ್ಚಿಸಿದೆವು. ದೊಡ್ಡ ಸಾಹೇಬರು ಆ ವಿಷಯ ಮತ್ತೆ ಎತ್ತಲಿಲ್ಲ. ಫಕ್ಕೀರಪ್ಪ ಮಾತ್ರ, “ಅವ್ರಿಗೂ ಗೊತ್ತಾಗಿಲ್ಲ ಬಿಡ್ರಿ ಸಾಹೇಬ್ರ” ಎಂದು ಅವರ ಪರವೇ ಮಾತಾಡಿದ. ಅವನ ಈ ಒಳ್ಳೆಯತನ ನನಗೆ ಆಗಲೂ ಸಿಟ್ಟು ತರುತ್ತಿತ್ತು, ಈಗಲೂ ತರುತ್ತದೆ.

ಆ ಮೇಲೆ ಬಂತು ಯೋಜನೆ. ದೂರದ ತಣ್ಣನೆಯ ದೇಶವೊಂದರ ಸಂಸ್ಥೆ, ನಮ್ಮ ದೇಶದ ಒಂದು ಸಂಸ್ಥೆ, ಇನ್ನೆರಡು ದೇಶದವರ ಸಹಾಯ, ಎಲ್ಲ ಸೇರಿ ಕಂದು ರೋಗದ ಜಾಡು ಹಿಡಿಯುವುದು. ದನದ ರಕ್ತ, ಹಾಲು, ಅದರ ಜೊತೆಗೆ ದನದ ಜೊತೆ ಬದುಕುವವರ ರಕ್ತ. ನನಗೆ ನಿಜವಾಗಿ ಸಂತೋಷವಾಗಿತ್ತು. ಇಷ್ಟು ವರ್ಷ ನಾನೊಬ್ಬನೇ ಕೂಗುತ್ತಿದ್ದ ರೋಗಕ್ಕೆ ಸಮುದ್ರದಾಚೆಯಿಂದ ಜನ ಬಂದರಲ್ಲ ಎಂದು ಹಿಗ್ಗಿದ್ದೆ.

ಬಂದವರಲ್ಲಿ ಮುಖ್ಯಳು ಇಂಗ್ರಿಡ್ ಎಂಬ ವಿಜ್ಞಾನಿ. ಬಿಸಿಲಿಗೆ ಮೆಣಸಿನಕಾಯಿಯ ಹಾಗೆ ಕೆಂಪಾಗಿದ್ದರೂ ಒಂದು ದಿನ ಗೊಣಗಲಿಲ್ಲ. ಐರಣಿಯಲ್ಲಿ ಫಕ್ಕೀರಪ್ಪನ ಹೆಂಡತಿ ನೀಲವ್ವ ಮಜ್ಜಿಗೆ ತಂದುಕೊಟ್ಟಳು. ಹಸಿ ಹಾಲಿನಿಂದಲೂ ಈ ರೋಗ ಬರುತ್ತದೆಂದು ಇಂಗ್ರಿಡ್ ಲೋಟ ಹಿಡಿದು ಹಿಂದೆಮುಂದೆ ನೋಡಿದಳು.

“ಹಾಲ ಕಾಸಿ ಹೆಪ್ಪ ಹಾಕಿದ್ದೈತಿ, ಕುಡೀರಿ ಅಂತ ಹೇಳ್ರಿ ಸಾಹೇಬ್ರ ಆ ಬಾಯಾರಿಗೆ” ಎಂದಳು ನೀಲವ್ವ. ನಾನು ಹೇಳಿದೆ. ಇಂಗ್ರಿಡ್ ಕುಡಿದು, ಇನ್ನೊಂದು ಲೋಟ ಕೇಳಿದಳು. ಆಕೆ ಕೆಟ್ಟವಳಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೆಂದು ಹುಡುಕಿ ಹುಡುಕಿ ನಾನು ಸೋತಿದ್ದೇನೆ.

ದೊಡ್ಡ ಸಾಹೇಬರು ಬ್ಯಾನರ್ ಕಟ್ಟಿಸಿದ್ದರು. ಅದರಲ್ಲಿ ಅವರ ಹೆಸರು ರೋಗದ ಹೆಸರಿಗಿಂತ ದೊಡ್ಡದಾಗಿತ್ತು. ಯೋಜನೆಯ ಕಡೆಯವನೊಬ್ಬ ಒಪ್ಪಿಗೆಯ ಕಾಗದ ಓದಿ ಹೇಳಿದ. ‘ಏನಾದರೂ ಕಂಡುಬಂದಲ್ಲಿ ತಿಳಿಸಲಾಗುವುದು’ ಎಂದು ಅದರಲ್ಲಿತ್ತು. ಯಾರಿಗೆ ಎಂದು ಇರಲಿಲ್ಲ. ನಮಗೇ ಎಂದು ನಾವೆಲ್ಲ ತಿಳಿದೆವು. ಮತ್ತೆ ಯಾರಿಗೆ ಎಂದು ತಿಳಿಯಬೇಕಿತ್ತು? ಫಕ್ಕೀರಪ್ಪ ಎಲ್ಲರಿಗಿಂತ ಮೊದಲು ತೋಳು ಚಾಚಿದ. ನೀಲವ್ವ ಕೊಟ್ಟಳು. ನನ್ನದೂ ಒಂದು ಸೀಸೆ ಹೋಯಿತು. ಹೆಸರಿನ ಬದಲು ಸೀಸೆಗೆ ಒಂದು ಗುರುತು ಅಂಟಿಸಿದರು. ಯಾರ ರೋಗ ಯಾರಿಗೂ ಗೊತ್ತಾಗಬಾರದು, ಊರಲ್ಲಿ ಅವಮಾನವಾಗಬಾರದು, ನಿಮ್ಮ ರಕ್ಷಣೆಗೇ ಎಂದರು. ಅವರ ಮೇಲೆ ನಮಗೆ ಮತ್ತಷ್ಟು ಗೌರವ ಬಂತು.

ಅದೇ ದಿನ ಊರಲ್ಲಿ ಒಂದು ಎಮ್ಮೆಗೆ ಕಸ ಬಿದ್ದಿರಲಿಲ್ಲ. ಫಕ್ಕೀರಪ್ಪ ಕೈ ಹಾಕಿದ, ಬರಿಗೈ, ಮನೆಯವರು ಎದುರಿಗೇ ನಿಂತಿದ್ದರಲ್ಲ. ಯೋಜನೆಯವರು ಫೋಟೋ ತೆಗೆದುಕೊಂಡರು. ಇಂಗ್ರಿಡ್ ತನ್ನ ಪೆಟ್ಟಿಗೆಯಿಂದ ಒಂದು ಕಟ್ಟು ಗ್ಲೌಸು ತೆಗೆದು ಅವನಿಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ಇಸಿದುಕೊಂಡು ಹಣೆಗೆ ಒತ್ತಿಕೊಂಡು, ಮನೆಯಲ್ಲಿ ದೇವರ ಜಗುಲಿಯ ಪಕ್ಕದ ಗೂಡಿನಲ್ಲಿ ಇಟ್ಟ. ತಣ್ಣನೆಯ ಡಬ್ಬಿಗಳಲ್ಲಿ ನಮ್ಮ ರಕ್ತ ರಾಣೆಬೆನ್ನೂರಿನ ಹೈವೇ ಹಿಡಿದು ಹೋಯಿತು.

ಮುಂದಿನ ಬೇಸಿಗೆಗೆ ಫಕ್ಕೀರಪ್ಪನಿಗೆ ಜ್ವರ ಶುರುವಾಯಿತು. “ಸಂಜೀಕ ಬರ್ತೈತ್ರಿ ಸಾಹೇಬ್ರ. ಮುಂಜಾನಿಕ ಅಂಗಿ ಹಿಂಡಿದ್ರ ನೀರ ಬೀಳ್ತಾವು. ಸೊಂಟದಾಗ ಯಾರೋ ಹಾರಿ ಹಾಕಿ ಮೀಟಿದಂಗ ಆಗ್ತೈತಿ” ಎಂದ. ಎದುರಿನ ಆಸ್ಪತ್ರೆಯಲ್ಲಿ ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು, ಸಲೈನ್ ಏರಿಸಿದರು. ಜ್ವರ ಇಳಿಯಿತು. ಮತ್ತೆ ಬಂತು. ಮತ್ತೆ ಟೈಫಾಯ್ಡ್. ನನಗೆ ಅನುಮಾನ ಬಂದು, “ಇದು ನಮ್ಮ ದನದ ಜಡ್ಡ ಇರಬೇಕು, ಹುಬ್ಬಳ್ಳಿಗೆ ಹೋಗಿ ತೋರಿಸ್ಕೊಂಡು ಬರೋಣ ನಡಿ” ಎಂದೆ.

ಫಕ್ಕೀರಪ್ಪ ನಕ್ಕ. “ಅದು ಇರಾಕಿಲ್ರಿ. ಪರದೇಶದವ್ರು ನನ್ನ ರಗತ ನೋಡ್ಯಾರಲ್ರೀ? ಇದ್ದಿದ್ರ ಹೇಳ್ತಿದ್ರು. ತಿಳಸ್ತೇವಿ ಅಂತ ಓದಿ ಹೇಳ್ಯಾರ.”

ಏನೂ ಹೇಳಿಲ್ಲ ಎಂದರೆ ಏನೂ ಇಲ್ಲ ಎಂದು ಅವನ ಲೆಕ್ಕ. ಮಾತು ಕೊಟ್ಟವರು ಮಾತು ಉಳಿಸಿಕೊಳ್ಳುತ್ತಾರೆ ಎಂದು ನಂಬುವವನಿಗೆ ಬೇರೆ ಲೆಕ್ಕ ಹೇಗೆ ಬರಬೇಕು? ಎದುರಿನ ವೈದ್ಯರಿಗೂ ಇದೇ ಸಮಾಧಾನ. “ಅಷ್ಟು ದೊಡ್ಡ ಸಂಸ್ಥೆಯವ್ರು ನೋಡ್ಯಾರಂದ್ರ ಮುಗೀತಲ್ರಿ” ಎಂದರು. ನಾನು ಯೋಜನೆಯವರಿಗೆ ಬರೆದೆ, ಫೋನು ಮಾಡಿದೆ. ವಿಶ್ಲೇಷಣೆ ನಡೆದಿದೆ ಎಂದರು, ನಾನೂ ಅದಕ್ಕೇ ಕಾದು ಕುಳಿತೆ. ಫಕ್ಕೀರಪ್ಪ ಸೊಂಟಕ್ಕೆ ಪಂಚೆ ಬಿಗಿದುಕೊಂಡು ಕೆಲಸಕ್ಕೆ ಬರುತ್ತಲೇ ಇದ್ದ.

ಕೊನೆಗೆ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಸಮ್ಮೇಳನವಾಯಿತು. ನಾಲ್ಕಾರು ದೇಶಗಳ ಬಾವುಟ ಮೇಜಿನ ಮೇಲಿದ್ದವು. ದೊಡ್ಡ ಸಾಹೇಬರ ಹಿಂದಿನ ಸಾಲಿನಲ್ಲಿ ನಾನು ಕುಳಿತಿದ್ದೆ. ಇಂಗ್ರಿಡ್ ಪರದೆಯ ಮೇಲೆ ನಕ್ಷೆ ತೋರಿಸಿದಳು. ತುಂಗಭದ್ರೆಯ ನೀಲಿ ಗೆರೆ ಕಂಡಿತು. ಅದರ ದಂಡೆಯಲ್ಲಿ ಕೆಂಪು ಚುಕ್ಕೆಗಳು. ದನಗಳದ್ದು ಒಂದು ಬಣ್ಣ, ಮನುಷ್ಯರದ್ದು ಇನ್ನೊಂದು. ಐರಣಿ ಇರಬೇಕಾದ ಜಾಗದಲ್ಲಿ ಮನುಷ್ಯರ ಬಣ್ಣದ ಚುಕ್ಕೆ ಇತ್ತು. ಪಶುಸೇವೆಯ ಕೆಲಸದವರಲ್ಲಿ ರೋಗ ಸಕ್ರಿಯವಾಗಿರುವುದು ಕಂಡುಬಂದಿದೆ, ಇದು ಮಹತ್ವದ ಶೋಧ ಎಂದಳು. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಕೇಳಿದೆ. ಆ ಚುಕ್ಕೆ ಯಾರು?

ಹೆಸರುಗಳು ತಮ್ಮಲ್ಲಿ ಇಲ್ಲ, ಯಾವ ಗುರುತು ಯಾರದೆಂಬ ಪಟ್ಟಿಯ ಕೀಲಿ ಇಲ್ಲಿಯ ಸಂಸ್ಥೆಯಲ್ಲಿದೆ ಎಂದಳು ಇಂಗ್ರಿಡ್. ಇಲ್ಲಿಯ ಸಂಸ್ಥೆಯವರು, ಕೀಲಿ ಇದೆ, ಆದರೆ ಆ ದೇಶದ ನೀತಿ ಸಮಿತಿಯ ಅನುಮತಿಯಿಲ್ಲದೆ ತೆರೆಯುವಂತಿಲ್ಲ ಎಂದರು. ಫಲಿತಾಂಶವನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಿಯಾಗಿದೆ ಎಂದು ಮತ್ತೊಬ್ಬರು ಸೇರಿಸಿದರು. ಸಂಬಂಧಪಟ್ಟ ಅಧಿಕಾರಿ ನನ್ನ ಮುಂದೆಯೇ ಕುಳಿತಿದ್ದರು. ದೊಡ್ಡ ಸಾಹೇಬರು ಹಿಂತಿರುಗಿ, “ಕುಂದ್ರಿ, ಮರ್ಯಾದಿ ತೆಗೀಬ್ಯಾಡ್ರಿ. ಬರೇ ಅಂಕಿ ಬಂದಾವು, ಹೆಸರು ಬಂದಿಲ್ಲ” ಎಂದು ಪಿಸುಗುಟ್ಟಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಯಾರು ದೇವರು, ಯಾರು ಪೂಜಾರಿ ಎಂಬುದೇ ತಿಳಿಯದಂತೆ ಮಾಡಿಟ್ಟಿದ್ದರು.

ಚಹಾದ ಹೊತ್ತಿನಲ್ಲಿ ಇಂಗ್ರಿಡ್ ನನ್ನನ್ನು ಮೂಲೆಗೆ ಕರೆದಳು. ಕಣ್ಣಲ್ಲಿ ನೀರಿತ್ತು. ಯಾರೆಂದು ನನಗೆ ನಿಜವಾಗಿ ಗೊತ್ತಿಲ್ಲ, ನೀವು ನಿಮ್ಮ ಕೆಲಸದವರಿಗೆಲ್ಲ ಚಿಕಿತ್ಸೆ ಕೊಡಿಸಿಬಿಡಿ ಎಂದಳು. ಅಷ್ಟನ್ನು ಹೇಳಿದ್ದಕ್ಕೆ ನಾನು ಆಕೆಗೆ ಕೃತಜ್ಞ. ಅಷ್ಟನ್ನೇ ಹೇಳಿದ್ದಕ್ಕೆ ಕ್ಷಮಿಸಲು ನನ್ನಿಂದ ಆಗಿಲ್ಲ.

ಊರಿಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ದನಗಳ ಪರೀಕ್ಷೆಗೆಂದು ಯೋಜನೆಯವರು ಬಿಟ್ಟುಹೋಗಿದ್ದ ಗುಲಾಬಿ ಬಣ್ಣದ ದ್ರವ ಹುಡುಕಿದ್ದು. ಬಿಳಿ ಬಿಲ್ಲೆಯ ಮೇಲೆ ಅದರ ಒಂದು ಹನಿ, ಫಕ್ಕೀರಪ್ಪನ ರಕ್ತದ ತಿಳಿಯ ಒಂದು ಹನಿ ಬೆರೆಸಿ ಅಲ್ಲಾಡಿಸಿದೆ. ಹಾಲು ಒಡೆದ ಹಾಗೆ ಕಾಳುಕಾಳಾಗಿ ಒಡೆಯಿತು. ಫಕ್ಕೀರಪ್ಪ ಬಗ್ಗಿ ನೋಡಿದ. ರೋಗವಿದ್ದ ಎಮ್ಮೆಗಳದ್ದು ಹಾಗೆ ಒಡೆಯುವುದನ್ನು ಅವನು ಬೇಕಾದಷ್ಟು ಸಲ ನೋಡಿದ್ದ.

“ಮತ್ತ ಅವ್ರು ಯಾಕ ಹೇಳ್ಲಿಲ್ರೀ?” ಎಂದ. ಅವನಿಗೆ ರೋಗ ಬಂದದ್ದಕ್ಕಿಂತ ಅದೇ ದೊಡ್ಡ ಪೆಟ್ಟಾಯಿತು.

ಬಿಲ್ಲೆಯನ್ನು ಹಿಡಿದುಕೊಂಡೇ ರಸ್ತೆ ದಾಟಿದೆವು. ಎದುರಿನ ವೈದ್ಯರು ನೋಡಿ ಕೆಂಡವಾದರು.

“ದನದ ಟೆಸ್ಟ್ ಮನಶ್ಯಾನ ಮ್ಯಾಲೆ ಮಾಡೀರೇನ್ರಿ? ನಿಮಗ ಯಾರು ಅಧಿಕಾರ ಕೊಟ್ರು?”

“ಎರಡೂ ಒಂದ ಜಡ್ಡರೀ ಡಾಕ್ಟ್ರ. ರಕ್ತಕ್ಕೇನು ದನ ಮನಶ್ಯಾ ಅಂತ ಗೊತ್ತೈತೇನು?”

“ಆ ಜಡ್ಡಿಗೆ ಕೊಡೂ ಮಾತ್ರಿ ಟಿಬಿ ಮಾತ್ರಿ. ವಾರಗಟ್ಟಲೆ ನುಂಗಬೇಕು. ಅಧಿಕೃತ ರಿಪೋರ್ಟ್ ತರ್ರಿ, ಇಲ್ಲಾಂದ್ರ ನನ್ನ ನೌಕರಿ ಹೋಗ್ತೈತಿ.”

ಅಧಿಕೃತ ರಿಪೋರ್ಟ್ ಸಮುದ್ರದಾಚೆ ಒಂದು ಕಂಪ್ಯೂಟರಿನಲ್ಲಿ ತಣ್ಣಗೆ ಕುಳಿತಿತ್ತು. ಐರಣಿಯ ರಕ್ತಕ್ಕೆ ಅಲ್ಲಿಯ ತನಕ ದಾರಿ ಮಾಡಿದ್ದರು. ಈ ಡಾಂಬರು ರಸ್ತೆ ದಾಟಿಸಲು ಯಾವ ದೇಶದ ಒಪ್ಪಂದವೂ ಇರಲಿಲ್ಲ. ಆ ವೈದ್ಯರ ಹೆದರಿಕೆಯೂ ಸುಳ್ಳಲ್ಲ, ಅವರ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ. ಆದರೆ ನಾನು ಅವರ ಜಾಗದಲ್ಲಿ ಇರಲಿಲ್ಲ, ಫಕ್ಕೀರಪ್ಪನ ಪಕ್ಕದಲ್ಲಿ ನಿಂತಿದ್ದೆ.

ಅವನನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿ ಪರೀಕ್ಷೆಯಾಯಿತು, ಕಂದು ರೋಗವೇ ಎಂದರು, ಮಾತ್ರೆ ಶುರುವಾಯಿತು. ಆ ಹೊತ್ತಿಗೆ ಅದು ಬೆನ್ನುಮೂಳೆಯಲ್ಲಿ ಮನೆ ಮಾಡಿ, ಹೃದಯದ ಕವಾಟವನ್ನೂ ತಿಂದಿತ್ತು. ಮೊದಲೇ ಬಂದಿದ್ದರೆ ಮಾತ್ರೆಯಲ್ಲಿ ಮುಗಿಯುತ್ತಿತ್ತು ಎಂದು ಅಲ್ಲಿಯ ವೈದ್ಯೆ ಹೇಳಿದಳು. ಫಕ್ಕೀರಪ್ಪ ಹಾಸಿಗೆಯಿಂದ, “ಸಾಹೇಬ್ರ, ಗುತ್ತಲದ ಮುದುಕಿ ಎಮ್ಮಿ ಈ ತಿಂಗಳ ಈಯ್ತೈತಿ. ಬ್ಯಾರೇದವ್ರನ್ನ ಕಳಸ್ರಿ. ಗ್ಲೌಸು ಹಾಕ್ಕೋಬ್ಯಾಡಂತ ಮುದುಕಿ ಅಂದ್ರ ಕೇಳಬ್ಯಾಡಂತ ಹೇಳ್ರಿ” ಎಂದ. ಮಳೆಗಾಲ ಮುಗಿಯುವ ಮೊದಲೇ ಅವನು ಹೋದ. ಹೊಳೆಯ ದಂಡೆಯ ಹೊಲದಲ್ಲಿ ಮಣ್ಣು ಮಾಡಿದರು. ಇಂಗ್ರಿಡ್ ಕೊಟ್ಟ ಗ್ಲೌಸಿನ ಕಟ್ಟು ಗೂಡಿನಲ್ಲಿ ಬಿಚ್ಚದೆ ಹಾಗೇ ಇತ್ತು.

ಆ ವರ್ಷ ಯೋಜನೆಯ ವರದಿಯ ಪುಸ್ತಕ ಅಚ್ಚಾಗಿ ಬಂತು. ಹೊಳೆಯುವ ಕಾಗದ. ಮುಖಪುಟದಲ್ಲಿ ಎಮ್ಮೆಯೊಳಗೆ ಹೋದ ಒಂದು ಸಪೂರ ಬರಿಗೈ. ಮುಖ ಕಾಣುವುದಿಲ್ಲ, ಗುರುತು ಮುಚ್ಚಿಡಬೇಕಲ್ಲ. “ನೋಡ್ರಿ, ನಮ್ಮ ಜಿಲ್ಲೆ ಜಗತ್ತಿಗೇ ಗೊತ್ತಾತು” ಎಂದು ದೊಡ್ಡ ಸಾಹೇಬರು ಮೇಜಿನ ಮೇಲೆ ಇಟ್ಟರು. ನಾನು ಅದನ್ನು ಬೋರಲು ಹಾಕಿ ಎದ್ದು ಬಂದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ನನ್ನ ಸಿಟ್ಟು ಸ್ವಲ್ಪ ಹೊರಬಿತ್ತು ಅಷ್ಟೇ.

ಈಗ ಪದ್ಧತಿ ಬದಲಾಗಿದೆ, ಒಪ್ಪುತ್ತೇನೆ. ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಬಂದಿದೆ. ಗ್ಲೌಸು ಬೇಕಾದಷ್ಟು ಸಿಗುತ್ತವೆ. ಕೊರೊನಾ ಬಂದುಹೋದ ಮೇಲೆ ಹಳ್ಳಿಯ ಮುದುಕಿಯರಿಗೂ ಗ್ಲೌಸು, ಮಾಸ್ಕು ಅವಮಾನ ಅನ್ನಿಸುವುದಿಲ್ಲ. ದನದ ವೈದ್ಯರು, ಜನರ ವೈದ್ಯರು ಒಂದೇ ಮೇಜಿಗೆ ಕೂರಬೇಕೆಂದು ಸಮಿತಿಗಳಾಗಿವೆ. ಕೂರುತ್ತಾರೆ, ಚಹಾ ಕುಡಿಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಕಿದ್ದು ಒಳ್ಳೆಯದೇ, ಆದರೆ ಬಾಗಿಲು ಹಾಕಿದವರು ಕೊಳ್ಳೆ ಹೋದವರ ಮನೆಗೆ ಒಂದು ಸಲ ಬಂದು ಹೋಗಬಹುದಿತ್ತು.

ಬಂದರು ಕೂಡ, ಆದರೆ ಬೇರೆ ಕೆಲಸಕ್ಕೆ. ಹಾವೇರಿಯ ಆ ತರಬೇತಿಯಾದ ಮೇಲೆ, ಹೋದ ಚಳಿಗಾಲದಲ್ಲಿ ಹೊಸ ಯೋಜನೆ ಬಂತು. ಮತ್ತೆ ನಾಲ್ಕಾರು ದೇಶ, ಮತ್ತೆ ತಣ್ಣನೆಯ ಡಬ್ಬಿ. ಐರಣಿಯ ಶಿಬಿರದ ಹೊಣೆ ಸಹನಾ ಎಂಬ ಯುವ ಪಶುವೈದ್ಯೆಯದು. ತರಬೇತಿಯಲ್ಲಿ ಊಟಕ್ಕೆ ಏಳದೆ ನನ್ನ ಮಾತು ಕೇಳುತ್ತ ಕುಳಿತಿದ್ದ ಹುಡುಗಿ. ಫೋನು ಮಾಡಿದಳು. “ಸರ್, ನೀಲವ್ವ ಅಂತ ಒಬ್ಬಾಕಿ ರಕ್ತ ಕೊಡಾಕ ಒಲ್ಲೆ ಅಂತಾಳ. ಆಕಿ ಕೊಡಂಗಿಲ್ಲಂದ್ರ ಊರಾಗ ಯಾರೂ ಕೊಡವಲ್ರು. ನೀವು ಬಂದು ಒಂದು ಮಾತು ಹೇಳ್ರಿ ಸರ್. ನಿಮ್ಮ ರಕ್ತನೂ ಬೇಕಾಗೈತಿ, ಹಳೇ ಸಿಬ್ಬಂದೀದು.”

ಹೋದೆ. ರೋಗ ತಡೆಯಬೇಕೆಂಬ ಆಸೆ ಸಾಯುವ ತನಕ ಬಿಡುವುದಿಲ್ಲ, ಅದು ನಮ್ಮ ವೃತ್ತಿಯ ಚಾಳಿ. ನನ್ನನ್ನು ನೋಡಿ ನೀಲವ್ವ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು. ಉಳಿದವರಿಗೆ ಮೇಲ್ಪಂಕ್ತಿಯಾಗಲಿ ಎಂದು ನಾನು ಮೊದಲೇ ಅಂಗಿಯ ತೋಳು ಮಡಚಿಕೊಂಡೆ. ಸಹನಾ ಗ್ಲೌಸು ಹಾಕಿಕೊಂಡು ಸೂಜಿ ತೆಗೆದಳು.

“ನೀಲವ್ವ, ಈಗ ಕಾಲ ಬದಲಾಗೈತಿ. ಈ ಹುಡುಗಿ ಚೊಲೊ ಹುಡುಗಿ ಅದಾಳ. ಕೊಡು” ಎಂದೆ.

ಅವಳು ನನ್ನ ಕಡೆ ತಿರುಗಲೇ ಇಲ್ಲ. ಸಹನಾಳ ಕೈ ನೋಡಿದಳು. “ಗ್ಲೌಸು ಹಾಕ್ಕೊಂಡೀಯಲ್ಲವ್ವ, ಚೊಲೊ ಆತು. ಯಾರ ಬ್ಯಾಡ ಅಂದ್ರೂ ತಗೀಬ್ಯಾಡ.” ಆಮೇಲೆ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು.

“ಆದ್ರ ಹೋದ ಸಲಾ ನಮ್ಮ ಮನ್ಯಾಗಿಂದ ಎರಡು ಸೀಸೆ ರಗತ ಒಯ್ದಾರವ್ವ. ಒಂದು ಅವರ್ದು. ಒಂದು ನಂದು. ಅವರ ರಗತದಾಗ ಏನಿತ್ತು ಅಂತ ಅವರು ಮಣ್ಣಾಗ ಹೋದ ಮ್ಯಾಲೂ ಯಾರೂ ಬಂದು ಹೇಳಿಲ್ಲ. ನಂದರಾಗ ಏನೈತಿ ಅಂತ ಇವತ್ತಿನ ತನಕಾ ನನಗ ಗೊತ್ತಿಲ್ಲ. ರಾತ್ರಿ ಮೈ ಬಿಸಿ ಆದ್ರ, ಇದು ಅದ ಇರಬೇಕೇನು ಅಂತ ಎದ್ದ ಕುಂದರ್ತೇನಿ. ಮೊದ್ಲಿಂದು ಏನಂತು, ಅದನ್ನ ಹೇಳು. ಆಮ್ಯಾಲೆ ಎಷ್ಟ ಬೇಕಾದ್ರೂ ತಗೋ.”

ಸಹನಾ ನನ್ನ ಕಡೆ ನೋಡಿದಳು. ನನ್ನ ಸೀಸೆಯ ಉತ್ತರವೂ ನನಗೆ ಬಂದಿಲ್ಲ. “ನಾ ಕೇಳಿ ಬರ್ತೇನಿ ಅಮ್ಮಾ” ಎಂದು ಅವಳು ಸೂಜಿಯನ್ನು ಕೆಳಗಿಟ್ಟು, ಗ್ಲೌಸು ತೆಗೆದು, ಫೋನು ಹಿಡಿದು ಅಂಗಳಕ್ಕೆ ಇಳಿದಳು.

“ಕೇಳು. ನಾ ಎಲ್ಲಿ ಹೋಗ್ತೇನಿ, ಇಲ್ಲೇ ಕುಂತಿರ್ತೇನಿ” ಎಂದಳು ನೀಲವ್ವ.

ಅಂಗಳದಲ್ಲಿ ಸಹನಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುತ್ತ ಯಾರಿಗೋ ಹೇಳುತ್ತಿದ್ದಳು, ಕೇಳುತ್ತಿದ್ದಳು, ಮತ್ತೆ ಬೇರೆ ಯಾರಿಗೋ ಫೋನು ಹಚ್ಚುತ್ತಿದ್ದಳು. ನಾನು ಮಡಚಿದ್ದ ತೋಳನ್ನು ಬಿಚ್ಚಿ, ಗುಂಡಿ ಹಾಕಿಕೊಂಡು, ನೀಲವ್ವನ ಪಕ್ಕದಲ್ಲಿ ಕುಳಿತೆ.